ತೋಳು ನಯವಾದ ದಿನಗಳು

ಇನ್ನೂ ಮುಖ ಕಾಣದ ನನ್ನ ಕೂಸೇ,

ಕಾಗದ ಬರೆಯುವವರು ಮೊದಲು ತಮ್ಮ ಕ್ಷೇಮ ಹೇಳಿ, ಆಮೇಲೆ ಎದುರಿನವರ ಕ್ಷೇಮ ಕೇಳುತ್ತಾರೆ. ನನಗೆ ಎರಡನ್ನೂ ಬರೆಯಲು ಕೈ ಬರುತ್ತಿಲ್ಲ. ನನಗೆ ಭಯವಾಗಿದೆ. ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ತ್ರಾಣ ಇಲ್ಲ. ನೀನು ನನ್ನೊಳಗೆ ಬಂದ ಮೊದಲ ವಾರಗಳಲ್ಲಿ, ಬಸುರಿಯ ಹತ್ತಿರವೂ ಸುಳಿಯಬಾರದ ಒಂದು ಔಷಧಿ ನನ್ನ ಹೊಟ್ಟೆಗೆ ಹೋಗಿದೆ. ಅದು ಚರ್ಮದ ಔಷಧಿ. ನನಗೆ ಬರೆದುಕೊಟ್ಟದ್ದೂ ಅಲ್ಲ, ನಿನ್ನ ದೊಡ್ಡಮ್ಮನಿಗೆ ಬರೆದದ್ದು. ಅದು ನಿನ್ನನ್ನು ಮುಟ್ಟಿದೆಯೋ ಇಲ್ಲವೋ, ಮುಟ್ಟಿದ್ದರೆ ಎಲ್ಲಿ, ಎಷ್ಟು ಎಂಬುದನ್ನು ಯಾವ ಡಾಕ್ಟರೂ ಖಚಿತವಾಗಿ ಹೇಳುತ್ತಿಲ್ಲ. ನಿನ್ನನ್ನು ಉಳಿಸಿಕೊಳ್ಳುತ್ತೇವೆಯೋ ಇಲ್ಲವೋ ಎಂಬುದನ್ನು ಮಾತ್ರ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ನಾವೇ ಹೇಳಬೇಕು.

ಈಗ ಮಧ್ಯಾಹ್ನ. ಅಂಗಡಿಯ ಶಟರು ಅರ್ಧಕ್ಕೆ ಇಳಿದಿದೆ. ಊಟದ ಹೊತ್ತಿನಲ್ಲೂ ನಿನ್ನ ಅಜ್ಜಿ ಅದನ್ನು ಪೂರ್ತಿ ಎಳೆಯುವುದಿಲ್ಲ; ಎಳೆದರೆ ಗಿರಾಕಿಗಳೆಲ್ಲ ಪಕ್ಕದ ಬೀದಿಯ ದರ್ಜಿಯ ಪಾಲಾಗುತ್ತಾರಂತೆ. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕತ್ತರಿ ಅಮ್ಮನದು, ಹೊಲಿಗೆ ಮೆಷಿನ್ನು ನನ್ನದು, ಗುಂಡಿ ಮತ್ತು ಕಾಜಾ ನಿನ್ನ ದೊಡ್ಡಮ್ಮನದು, ಅಂದರೆ ನನ್ನ ಅಕ್ಕನದು. ಅಕ್ಕ ಮಹಡಿಯ ಮೇಲೆ ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದಾಳೆ. ನಿನ್ನ ಅಪ್ಪ ಲಿಫ್ಟ್ ರಿಪೇರಿಯವನು. ಲಿಫ್ಟ್ ಕೆಟ್ಟಿರುವ ಕಟ್ಟಡಕ್ಕೇ ಅವನನ್ನು ಕರೆಯುವುದರಿಂದ ಜೀವಮಾನವೆಲ್ಲ ಮೆಟ್ಟಿಲು ಹತ್ತುವುದೇ ಅವನ ಹಣೆಬರಹ.

ನಿನಗೆ ನನ್ನ ಚರ್ಮದ ಪರಿಚಯ ಮಾಡಿಕೊಡಬೇಕು. ತೋಳಿನ ಹೊರಭಾಗ, ತೊಡೆ, ಕೆನ್ನೆಯ ಅಂಚು, ಇಲ್ಲೆಲ್ಲ ನನ್ನ ಮೈ ತರಿತರಿ. ಒಂದೊಂದು ಕೂದಲಿನ ಬುಡದಲ್ಲೂ ಸಾಸಿವೆಗಿಂತ ಸಣ್ಣದೊಂದು ಗಟ್ಟಿ ಉಬ್ಬು. ನೋವಿಲ್ಲ, ತುರಿಕೆಯೂ ಅಷ್ಟಾಗಿ ಇಲ್ಲ, ಯಾರಿಗೂ ಅಂಟುವುದಿಲ್ಲ. ಆದರೆ ಮುಟ್ಟಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಶಾಲೆಯಲ್ಲಿ ನನ್ನ ಹೆಸರು ತುರಿಮಣೆ. ಸುತ್ತು ನಿಂತು ಆಡುವಾಗ ಎಡಬಲದ ಹುಡುಗಿಯರು ನನ್ನ ಬೆರಳ ತುದಿಯನ್ನು ಮಾತ್ರ ಹಿಡಿಯುತ್ತಿದ್ದರು. ದರ್ಜಿಯ ಮಗಳಾಗಿದ್ದರಿಂದ ಒಂದು ಅನುಕೂಲವಿತ್ತು: ಎಂಥ ಬಿಸಿಲುಗಾಲದಲ್ಲೂ ನನಗೆ ಉದ್ದ ತೋಳಿನ ಅಂಗಿಗಳಿಗೆ ಬರವಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಿನ್ನ ಅಪ್ಪ ನನ್ನ ತೋಳು ಸವರಿ, "ನನ್ನ ಕೈ ಯಾವಾಗ್ಲೂ ಗ್ರೀಸು. ನಿನ್ನಂಥವಳೇ ಬೇಕಿತ್ತು ನಂಗೆ, ಒಳ್ಳೇ ಹಿಡಿತ ಸಿಗುತ್ತೆ" ಎಂದಿದ್ದ. ಅವನ ಮುಂದೆ ಬಿದ್ದುಬಿದ್ದು ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಈ ಚರ್ಮ ರಕ್ತದಲ್ಲಿ ಇಳಿದು ಬರುವಂಥದ್ದು. ನಿನಗೂ ಬಂದೀತು. ಬಂದರೆ ಏನು ಮಾಡಬೇಕು ಎಂದು ಇಲ್ಲಿಯೇ ಬರೆದಿಡುತ್ತೇನೆ. ನಾನು ಸುಟ್ಟುಕೊಂಡು ಕಲಿತದ್ದನ್ನು ನೀನೂ ಸುಟ್ಟುಕೊಂಡೇ ಕಲಿಯುವುದು ಬೇಡ. ಮುಖ್ಯವಾಗಿ, ಉಜ್ಜಬೇಡ. ಅಮ್ಮ ಇದನ್ನು ಕೊಳೆ ಎಂದುಕೊಂಡು ಅಂಗಾಲು ತಿಕ್ಕುವ ಕಲ್ಲಿನಿಂದ ನನ್ನ ತೋಳನ್ನು ರಕ್ತ ಜಿನುಗುವ ತನಕ ತಿಕ್ಕುತ್ತಿದ್ದಳು. ಕೊನೆಗೆ ಚರ್ಮದ ಡಾಕ್ಟರೊಬ್ಬರು ಅವಳನ್ನು ಕೂರಿಸಿಕೊಂಡು ಹೇಳಿದರು: "ಇದು ಕೊಳೆ ಅಲ್ಲಮ್ಮ, ದೊಡ್ಡ ರೋಗಾನೂ ಅಲ್ಲ. ಚರ್ಮದ ಸ್ವಭಾವ. ಕೂದಲ ಬುಡಕ್ಕೆ ಸತ್ತ ಚರ್ಮ ಬಿರಡೆ ಹಾಕಿ ಕೂತಿರುತ್ತೆ. ತಿಕ್ಕಿದಷ್ಟೂ ಸಿಟ್ಟಾಗುತ್ತೆ. ಪೂರ್ತಿ ವಾಸಿ ಮಾಡೋಕಾಗಲ್ಲ, ಪಳಗಿಸಬಹುದು." ಯೂರಿಯಾ ಇರುವ ಕ್ರೀಮು ಬರೆದುಕೊಟ್ಟರು. "ಯೂರಿಯಾ ಅಂದ್ರೆ ಗೊಬ್ಬರ ಅಲ್ವಾ ಡಾಕ್ಟ್ರೇ?" ಎಂದು ಅಮ್ಮ ಹೌಹಾರಿದಳು. "ಗೊಬ್ಬರದಲ್ಲೂ ಇರುತ್ತೆ. ಮಗಳು ಚೆನ್ನಾಗಿ ಬೆಳೀಲಿ ಬಿಡಿ" ಎಂದರು ಅವರು.

ಆ ಕ್ರೀಮನ್ನು ಸ್ನಾನ ಮಾಡಿ ಮೈ ಇನ್ನೂ ಹಸಿಯಾಗಿರುವಾಗಲೇ ಹಚ್ಚಬೇಕು, ಆಗಲೇ ಅದು ನೀರನ್ನು ಚರ್ಮದಲ್ಲಿ ಹಿಡಿದಿಟ್ಟು ಮೆತ್ತಗೆ ಮಾಡುವುದು. ಅದು ಸಾಲದಿದ್ದರೆ ಲ್ಯಾಕ್ಟಿಕ್ ಆಮ್ಲದ ಲೋಷನ್ನು ಇದೆ. ಹಾಲು ಹುಳಿಯಾದಾಗ ಹುಟ್ಟುವ ಆಮ್ಲವೇ ಅದು, ಬಿರಡೆಯನ್ನು ನಿಧಾನವಾಗಿ ಕರಗಿಸುತ್ತದೆ. ಗೀರಿದ ಜಾಗಕ್ಕೆ ಹಚ್ಚಿದೆಯೋ, ಕುಣಿದಾಡುತ್ತೀಯ. ಸ್ಯಾಲಿಸಿಲಿಕ್ ಎಂಬ ಇನ್ನೊಂದು ಆಮ್ಲದ ಮುಲಾಮೂ ಇದೇ ಕೆಲಸ ಮಾಡುತ್ತದೆ. ಉಬ್ಬಿನ ಸುತ್ತ ಕೆಂಪಗೆ ಉರಿದರೆ ಡಾಕ್ಟರು ಸ್ಟೀರಾಯ್ಡ್ ಮುಲಾಮು ಕೊಡಬಹುದು, ಅದನ್ನು ಅವರು ಹೇಳಿದಷ್ಟು ದಿನ ಮಾತ್ರ. ಆಮೇಲೆ ವಿಟಮಿನ್ ಎ ವಂಶದ ಕ್ರೀಮು: ರಾತ್ರಿ ಒಂದು ಬಟಾಣಿಯಷ್ಟು, ತೆಳ್ಳಗೆ. ಮೊದಮೊದಲು ಸಿಪ್ಪೆ ಏಳುತ್ತದೆ, ಬಿಸಿಲು ತಡೆಯುವುದಿಲ್ಲ. ಇದರಲ್ಲಿ ಯಾವುದನ್ನು ಬಿಟ್ಟರೂ ಉಬ್ಬುಗಳು ತವರಿಗೆ ಬಂದ ಹಾಗೆ ವಾಪಸು ಬರುತ್ತವೆ. ಆ ಕೊನೆಯ ಕ್ರೀಮನ್ನು ಮಗು ಬೇಕೆಂದಾಗ ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದರು. ನೀನು ಬೇಕು ಎಂದು ನಾವಿಬ್ಬರೂ ಮಾತಾಡಿಕೊಂಡ ದಿನವೇ ನಿಲ್ಲಿಸಿದೆ. ಮೇಲೆ ಹಚ್ಚುವ ಕ್ರೀಮಿಗೇ ಅಷ್ಟು ಹೆದರಿದವಳು ನಾನು.

ನನ್ನದು ತಂಗಿಯಾದರೆ ಅಕ್ಕನ ಚರ್ಮ ಅದಕ್ಕೆ ಅಕ್ಕ. ಅವಳಿಗೆ ಬೆನ್ನು, ಮೊಣಕಾಲು, ಅಂಗೈ ಎಲ್ಲ ದಪ್ಪಗಟ್ಟಿ, ಬಿರುಕು ಬಿಟ್ಟು, ಕೆಲವು ದಿನ ಸೂಜಿ ಹಿಡಿಯಲೂ ಆಗುತ್ತಿರಲಿಲ್ಲ. ಬಿಳಿ ಅಂಗಿಗೆ ಗುಂಡಿ ಹಾಕುವಾಗ ರಕ್ತದ ಚುಕ್ಕೆ ಬಿದ್ದು ಗಿರಾಕಿಗಳ ಹತ್ತಿರ ಬೈಸಿಕೊಂಡದ್ದೂ ಇದೆ. ಯಾವ ಕ್ರೀಮೂ ನಾಟದೆ ಹೋದಾಗ ಚರ್ಮದ ಡಾಕ್ಟರು ನುಂಗುವ ಕ್ಯಾಪ್ಸೂಲ್ ಬರೆದರು. ಅದೂ ವಿಟಮಿನ್ ಎ ವಂಶದ್ದೇ, ಆದರೆ ಆ ವಂಶದ ರೌಡಿ. ಆ ದಿನ ಅಕ್ಕನ ಜೊತೆ ಹೋಗಿದ್ದವಳು ನಾನೇ. "ಇದು ಕ್ರೀಮಿನ ಥರ ಅಲ್ಲ, ಇಡೀ ಮೈಗೆ ಹೋಗುತ್ತೆ. ಬಸುರಿಯರು ತಗೊಂಡ್ರೆ ಮಗುವಿನ ಹೃದಯ, ಮೆದುಳು, ಕಿವಿ, ಯಾವುದಕ್ಕೆ ಬೇಕಾದ್ರೂ ಏಟು ಬೀಳಬಹುದು. ನಿಮಗೆ ಮಕ್ಕಳಾಗದ ಆಪರೇಷನ್ ಆಗಿದೆ ಅಂತ ಧೈರ್ಯವಾಗಿ ಬರೀತಿದ್ದೀನಿ. ಯಾರಿಗೂ ಹಂಚಬೇಡಿ. ರಕ್ತದಾನಾನೂ ಬೇಡ, ಆ ರಕ್ತ ಯಾವ ಬಸುರಿಗೆ ಹೋಗುತ್ತೋ ಗೊತ್ತಿಲ್ಲ" ಎಂದು ಡಾಕ್ಟರು ಕಣ್ಣಿಗೆ ಕಣ್ಣಿಟ್ಟು ಹೇಳಿದರು. ಬರುವ ದಾರಿಯಲ್ಲಿ ಅಕ್ಕ, "ನೋಡ್ಕೋ, ನಾನೀಗ ವಿಷಕನ್ಯೆ" ಎಂದು ಜಂಬ ಕೊಚ್ಚಿದಳು. ಇಬ್ಬರೂ ನಕ್ಕೆವು. ಆ ಕ್ಯಾಪ್ಸೂಲ್ ಶುರುವಾದ ಮೇಲೆ ಅವಳ ಅಂಗೈ ಮೆತ್ತಗಾಯಿತು. ತುಟಿ ಮಾತ್ರ ಒಣಗಿ ಸೀಳಿತು. ಅದು ಈ ಔಷಧಿಯ ಗುರುತು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಇನ್ನು ಅಮ್ಮನ ಗುಂಡಿ ಡಬ್ಬಿ. ಚಪ್ಪಟೆ ಮರದ ಡಬ್ಬಿ, ಒಳಗೆ ಸಾಲುಸಾಲು ಖಾನೆಗಳು. ಅಂಗಿ ಗುಂಡಿ ಒಂದರಲ್ಲಿ, ಕೋಟಿನ ಗುಂಡಿ ಒಂದರಲ್ಲಿ, ಕೊಕ್ಕೆ ಒಂದರಲ್ಲಿ. ಇಂಥದೇ ಇನ್ನೊಂದು ಡಬ್ಬಿ ಮನೆಯವರೆಲ್ಲರ ಮಾತ್ರೆಗಳಿಗೆ. ಅಮ್ಮನಿಗೆ ಮಾತ್ರೆಯ ಹಾಳೆಗಳನ್ನು ಹಾಗೆಯೇ ಇಡುವುದು ಆಗಿಬರುವುದಿಲ್ಲ. ತಂದ ಕೂಡಲೇ ಕತ್ತರಿಯಿಂದ ಕತ್ತರಿಸಿ, ಒಂದೊಂದು ಮಾತ್ರೆಯನ್ನು ಒಂದೊಂದು ಚೌಕ ಮಾಡಿ, ಅಂಚು ಚುಚ್ಚದ ಹಾಗೆ ಮೂಲೆ ಸವರಿ ಖಾನೆಗೆ ಹಾಕುತ್ತಾಳೆ. ಹೆಸರು, ಅವಧಿ ಎಲ್ಲ ಹಾಳೆಯ ಯಾವುದೋ ಮೂಲೆಯಲ್ಲಿರುತ್ತದೆ, ಕತ್ತರಿಗೆ ಸಿಕ್ಕಿ ಚೂರಾಗುತ್ತದೆ. ಬೆಳಿಗ್ಗೆ ನಾವು ಮೆಷಿನ್ನಿಗೆ ಕೂರುವ ಮುಂಚೆ ಅವಳೇ ಸಿಪ್ಪೆ ಬಿಡಿಸಿ ನಮ್ಮ ಅಂಗೈ ಮೇಲೆ ಇಡುತ್ತಾಳೆ, ನೀರಿನ ಲೋಟದ ಜೊತೆ. ಅಮ್ಮ ಕೊಟ್ಟದ್ದನ್ನು ನುಂಗುವುದು ಈ ಮನೆಯಲ್ಲಿ ನಾವು ಹಾಲುಹಲ್ಲಿನಿಂದ ಮಾಡಿಕೊಂಡು ಬಂದದ್ದು. ಇದೇನು ಎಂದು ಕೇಳಿದವರು ಯಾರೂ ಇಲ್ಲ. ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ನೀನು ಬೇಕೆಂದುಕೊಂಡಾಗ ನನಗೂ ಒಂದು ವಿಟಮಿನ್ ಕ್ಯಾಪ್ಸೂಲ್ ಬರೆದಿದ್ದರು. ಜೇನಿನ ಬಣ್ಣ, ಒತ್ತಿದರೆ ಮೆತ್ತಗೆ. ಅಕ್ಕನದೂ ಜೇನಿನ ಬಣ್ಣ, ಮೆತ್ತಗೆ. ಖಾನೆ ಬೇರೆ ಬೇರೆ ಇದ್ದಷ್ಟು ದಿನ ಏನೂ ಆಗಲಿಲ್ಲ. ಒಂದು ದಿನ ಅಮ್ಮ ಮೇಲಿನ ಹಲಗೆಯಿಂದ ಜಿಪ್ಪಿನ ಸುರುಳಿ ಎಳೆಯುವಾಗ ಮಾತ್ರೆ ಡಬ್ಬಿ ಬಿತ್ತು. ಚೌಕಗಳೆಲ್ಲ ಮೆಷಿನ್ನಿನ ಅಡಿಗೆ, ಬಟ್ಟೆ ಚೂರುಗಳ ನಡುವೆ ಹರಡಿಕೊಂಡವು. ನಾನು ಮತ್ತು ಅಕ್ಕ ಬಗ್ಗಿ ಆರಿಸಿಕೊಡಲು ಹೋದರೆ, "ನಿಮ್ಗೆ ಗೊತ್ತಾಗಲ್ಲ, ಬಿಡಿ" ಎಂದು ಗದರಿಸಿ ತಾನೇ ಕುಳಿತಳು. ಗುಂಡಿ ಚೆಲ್ಲಿದಾಗ ಹೇಗೆ ವಿಂಗಡಿಸುತ್ತಾಳೋ ಹಾಗೆಯೇ ಮಾಡಿದಳು. ಬಣ್ಣ ನೋಡಿ, ಗಾತ್ರ ನೋಡಿ, ಬೆರಳಲ್ಲಿ ಒತ್ತಿ ನೋಡಿ. ಗುಂಡಿಯ ವಿಷಯದಲ್ಲಿ ನನ್ನ ಅಮ್ಮ ಜೀವನದಲ್ಲಿ ಒಮ್ಮೆಯೂ ತಪ್ಪಿದವಳಲ್ಲ. ಒಂದೇ ಥರದ್ದು ಎರಡು ಖಾನೆಯಲ್ಲಿ ಯಾಕೆ ಎಂದುಕೊಂಡು ಜೇನು ಬಣ್ಣದ್ದನ್ನೆಲ್ಲ ಒಂದೇ ಖಾನೆಗೆ ಸುರಿದಳು. ಆಮೇಲೆ ತಂದ ಹಾಳೆಗಳೂ ಅದೇ ಖಾನೆಗೆ ಹೋದವು. ನನಗೂ ಅಕ್ಕನಿಗೂ ಅದರಿಂದಲೇ ಒಂದೊಂದು.

ಅದಾಗಿ ಸ್ವಲ್ಪ ದಿನಕ್ಕೆ ನೀನು ಬಂದೆ. ನಿನ್ನ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವನು ಯಾವುದೋ ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದನಂತೆ. ಕೂಗಿದ ಕೂಗಿಗೆ ಒಳಗಿದ್ದವರು ಲಿಫ್ಟ್ ಬಿತ್ತೆಂದುಕೊಂಡು ಕಿರುಚಿದರಂತೆ. ಮನೆ ತುಂಬ ನಗು. ಮತ್ತೆ ಕೆಲವು ವಾರಕ್ಕೆ ಒಂದು ದಿನ ಸ್ನಾನ ಮಾಡುವಾಗ ನನ್ನ ತೋಳಿನ ಮೇಲೆ ನನ್ನ ಕೈ ಜಾರಿತು. ಜಾರಿತು ಎಂದರೆ ಅದು ನಿಜವಾಗಿ ಜಾರಿದ್ದು. ಅಷ್ಟು ವರ್ಷದಲ್ಲಿ ಎಲ್ಲಿ ಸವರಿದರೂ ಬೆರಳು ತಡೆಯುತ್ತಿದ್ದ ಮೈ ಅದು. ಮತ್ತೆ ಮತ್ತೆ ಸವರಿದೆ. ನಯ. ತೊಡೆಯೂ ನಯ. ನೀರು ತಣ್ಣಗಾಗುವ ತನಕ ಅಲ್ಲಿಯೇ ನಿಂತು ನನ್ನ ಮೈಯನ್ನು ನಾನೇ ಮುಟ್ಟಿಕೊಂಡೆ.

ಬಸುರಿನಲ್ಲಿ ಮೈಗೆ ಕಳೆ ಬರುತ್ತದೆ ಎಂದು ಎಲ್ಲರೂ ಅಂದರು. ಅಳತೆ ಕೊಡಲು ಬಂದ ಟೀಚರಮ್ಮ ಅಂದರು, ಇಸ್ತ್ರಿಯವನ ಹೆಂಡತಿ ಅಂದಳು, ಅಮ್ಮ ದೃಷ್ಟಿ ತಾಗೀತು ಎಂದು ಗೊಣಗಿದಳು. ನಾನು ನನಗಾಗಿ ಒಂದು ತೋಳಿಲ್ಲದ ಅಂಗಿ ಹೊಲಿದುಕೊಂಡೆ. ಮೆಷಿನ್ನಿನ ಮುಂದೆ ಇಷ್ಟು ವರ್ಷ ಕೂತು ಊರವರಿಗೆಲ್ಲ ಹೊಲಿದುಕೊಟ್ಟಿದ್ದೆ, ನನಗೆ ಅದೇ ಮೊದಲು. ಹಾಕಿಕೊಂಡು ಬೀದಿಯ ಕೊನೆಯ ತನಕ ಹೋಗಿ, ಬೇಡದಿದ್ದರೂ ಒಂದು ದಾರದ ಉಂಡೆ ಕೊಂಡು, ಬೇಕೆಂದೇ ನಿಧಾನವಾಗಿ ವಾಪಸು ಬಂದೆ. ತೋಳಿಗೆ ಗಾಳಿ ತಾಗುತ್ತಿತ್ತು. ಇದು ನೀನು ನನಗೆ ಕೊಟ್ಟ ಮೊದಲ ಉಡುಗೊರೆ ಎಂದುಕೊಂಡೆ. ಹೊಟ್ಟೆ ಮುಟ್ಟಿ ನಿನಗೆ ಥ್ಯಾಂಕ್ಸ್ ಹೇಳಿದೆ. ಆ ದಿನಗಳಷ್ಟು ಖುಷಿಯಾಗಿ ನಾನು ಎಂದೂ ಇರಲಿಲ್ಲ. ತುಟಿ ಒಡೆಯುತ್ತಿತ್ತು. ವಾಂತಿಯಿಂದ ಎಂದುಕೊಂಡೆ, ನೀರು ಕಡಿಮೆಯಾಗಿದೆ ಎಂದುಕೊಂಡೆ, ತುಪ್ಪ ಸವರಿಕೊಂಡೆ.

ಅದೇ ಹೊತ್ತಿಗೆ ಮಹಡಿಯ ಮೇಲೆ ಅಕ್ಕ ಔಷಧಿಗೆ ಬೈಯುತ್ತಿದ್ದಳು. ಅಂಗೈ ಮತ್ತೆ ದಪ್ಪವಾಗುತ್ತಿದೆ, ಬೆನ್ನು ಮತ್ತೆ ಒರಟಾಗಿದೆ, ಈ ಕ್ಯಾಪ್ಸೂಲ್ ಕೈಕೊಟ್ಟಿತು ಎಂದು ಡಾಕ್ಟರ ಹತ್ತಿರ ಜಗಳಕ್ಕೇ ಹೋದಳು. ಅವರು ಅವಳ ಅಂಗೈ ನೋಡಲಿಲ್ಲವಂತೆ, ತುಟಿ ನೋಡಿದರಂತೆ. "ಈ ಔಷಧಿ ದಿನಾ ತಗೊಳ್ಳೋರ ತುಟಿ ಹೀಗೆ ಮೆತ್ತಗಿರಲ್ಲ. ನೀವು ನುಂಗ್ತಾ ಇರೋದು ಬೇರೇನೋ. ಹಾಗಾದ್ರೆ ನಿಮ್ಮದು ಎಲ್ಲಿಗೆ ಹೋಗ್ತಿದೆ?" ಎಂದು ಕೇಳಿದರಂತೆ.

ಅಕ್ಕ ಓಡಿ ಬಂದಳು. ಚಪ್ಪಲಿ ಬಿಡದೆ ಅಂಗಡಿಯೊಳಗೆ ನುಗ್ಗಿ ನನ್ನ ಮುಂದೆ ನಿಂತಳು. ನಾನು ಬಾಬಿನ್ನಿಗೆ ದಾರ ಸುತ್ತುತ್ತಿದ್ದೆ. ನನ್ನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು. ನನ್ನ ತುಟಿ ನೋಡಿದಳು. ಆಮೇಲೆ ನನ್ನ ಬರಿತೋಳಿನ ಮೇಲೆ ಮೇಲಿನಿಂದ ಕೆಳಗೆ ಒಂದು ಸಲ ಕೈ ಆಡಿಸಿದಳು. ಅವಳ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. "ಅಮ್ಮಾ, ಡಬ್ಬಿ ತೆಗಿ" ಎಂದಳು. ಅಷ್ಟೇ ಅಂದದ್ದು. ಅಮ್ಮ ಡಬ್ಬಿ ತೆರೆದಳು. ಜೇನು ಬಣ್ಣದ ಖಾನೆ ತುಂಬಿತ್ತು. ಅಕ್ಕ ಚೌಕಗಳನ್ನು ಕಟಿಂಗ್ ಮೇಜಿನ ಮೇಲೆ ಸುರಿದು ಒಂದೊಂದನ್ನೇ ಬೋರಲು ತಿರುಗಿಸಿದಳು. ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ಒಂದರಲ್ಲಿ ಅರ್ಧ ಅಕ್ಷರ, ಒಂದರಲ್ಲಿ ಗೀಟು, ಒಂದರಲ್ಲಿ ಏನೂ ಇಲ್ಲ. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಅಮ್ಮ ಮಾತ್ರ ಇನ್ನೂ ಅರ್ಥವಾಗದೆ, "ಎಲ್ಲಾ ಒಂದೇ ಅಲ್ವೇನೇ?" ಎಂದು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು.

ಚರ್ಮದ ಡಾಕ್ಟರು ಚೌಕಗಳನ್ನು ನೋಡಿ ಎರಡೂ ಬೆರೆತಿವೆ ಎಂದರು. ನಾನು ಎಷ್ಟು ನುಂಗಿದೆ, ಯಾವ ಯಾವ ದಿನ ನುಂಗಿದೆ ಎಂದು ಯಾರೂ ಹೇಳುವಂತಿಲ್ಲ. ತುಟಿ, ತೋಳು ನೋಡಿದರೆ ಕಡಿಮೆಯೇನೂ ಅಲ್ಲ. ಅಂದಿನಿಂದಲೇ ನಿಲ್ಲಿಸಿದ್ದಾಯಿತು. ಹೆರಿಗೆ ಡಾಕ್ಟರಮ್ಮ ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು ಹೇಳಿದರು: "ಈ ಔಷಧಿ ತಗೊಂಡ ತಾಯಂದಿರಿಗೆಲ್ಲ ತೊಂದರೆ ಇರೋ ಮಗುವೇ ಹುಟ್ಟುತ್ತೆ ಅಂತ ಅಲ್ಲ. ಆದ್ರೆ ಅಪಾಯ ದೊಡ್ಡದು. ಸುಳ್ಳು ಸಮಾಧಾನ ನಾನು ಹೇಳಲ್ಲ." ಅವರು ಸುಳ್ಳನ್ನೇ ಹೇಳಿದ್ದರೆ ಚೆನ್ನಾಗಿತ್ತು ಎಂದು ಆಗ ಅನಿಸಿತು.

ಅಂದಿನಿಂದ ದಿನವೂ ಬೆಳಿಗ್ಗೆ ಎದ್ದ ಕೂಡಲೇ ತೋಳು ಸವರಿ ನೋಡಿಕೊಳ್ಳುತ್ತೇನೆ. ಅದು ಒರಟಾಗಲಿ ಎಂದು ಹಂಬಲಿಸುತ್ತೇನೆ. ಎಷ್ಟು ಬೇಗ ಒರಟಾದರೆ ಅಷ್ಟು ಬೇಗ ಆ ಔಷಧಿ ನನ್ನಿಂದ ಹೊರಗೆ ಹೋಯಿತು ಎಂದು ನನ್ನದೇ ಹುಚ್ಚು ಲೆಕ್ಕ. ಮೊದಲ ಉಬ್ಬು ಬೆರಳಿಗೆ ಸಿಕ್ಕಿದ ದಿನ ನಿನ್ನ ಅಪ್ಪನನ್ನು ಎಬ್ಬಿಸಿ ಅವನ ಕೈಯನ್ನು ಅದರ ಮೇಲೆ ಇಡಿಸಿದೆ. ಅವನು ನಿದ್ದೆಗಣ್ಣಲ್ಲಿ, "ಬಂತು ಕಣೇ, ಹಿಡಿತ ಬಂತು" ಎಂದ. ಆಮೇಲೆ ದಿಂಬಿಗೆ ಮುಖ ಒತ್ತಿಕೊಂಡು ಮಲಗಿದ. ಅವನ ಬೆನ್ನು ಅದುರುತ್ತಿತ್ತು.

ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡವರಿಗೆ ಅವನು ಹೊರಗಿನಿಂದ ಕೂಗಿ ಹೇಳುವ ಒಂದು ಮಾತಿದೆ: "ಹೆದರ್ಕೋಬೇಡಿ, ಇದು ಬೀಳಲ್ಲ. ನಾನು ಇಲ್ಲೇ ಇದ್ದೀನಿ." ನನಗೂ ಹಾಗೆಯೇ ಹೇಳು ಎಂದು ಕೇಳಿದೆ. ಅವನು, "ಅದರ ಬ್ರೇಕು ಎಲ್ಲಿದೆ ಅಂತ ನಂಗೆ ಗೊತ್ತಿರುತ್ತೆ. ಇದರದ್ದು ಗೊತ್ತಿಲ್ಲ. ಇಲ್ಲೇ ಇದ್ದೀನಿ ಅಂತ ಮಾತ್ರ ಹೇಳಬಲ್ಲೆ" ಎಂದ. ಉಳಿಸಿಕೊಳ್ಳೋಣವಾ ಬೇಡವಾ ಎಂದರೆ, "ನೀನು ಹೇಳಿದ ಹಾಗೆ" ಎಂದುಬಿಟ್ಟ. ನನಗೆ ಎಲ್ಲಿಲ್ಲದ ಸಿಟ್ಟು ಬಂದು ಊಟದ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋದೆ. ಮಗು ಇಬ್ಬರದ್ದು, ನಿರ್ಧಾರ ಮಾತ್ರ ನನ್ನೊಬ್ಬಳದ್ದೇ?

ನಿನ್ನ ಅಜ್ಜಿಯ ವಿಷಯವನ್ನೂ ಹೇಳಬೇಕು. ಈಗ ಅವಳು ಯಾರ ಅಂಗೈ ಮೇಲೂ ಏನನ್ನೂ ಇಡುವುದಿಲ್ಲ. ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪು ಹಿಡಿದು ಮತ್ತೆ ಅಳೆದು, ಕತ್ತರಿ ಹಾಕುವ ಮುಂಚೆ ನನ್ನನ್ನು ಕರೆದು, "ಸರಿ ಇದೆಯಾ ನೋಡು" ಎನ್ನುತ್ತಾಳೆ. ಎಂದೂ ಯಾರನ್ನೂ ಕೇಳಿದವಳಲ್ಲ. ನಾನು ನೋಡಿ ಸರಿ ಇದೆ ಎನ್ನುತ್ತೇನೆ, ಬೇರೆ ಮಾತಾಡುವುದಿಲ್ಲ. ಅವಳನ್ನು ಕ್ಷಮಿಸಿದ್ದೇನೆಯೇ ಎಂದು ನೀನು ಕೇಳಿದರೆ, ಇಲ್ಲ. ಒಮ್ಮೊಮ್ಮೆ ಅವಳ ಕತ್ತರಿಯ ಸದ್ದು ಕೇಳಿದರೇ ಮೈ ಉರಿಯುತ್ತದೆ. ಆದರೆ ಅವಳು ಅಡುಗೆಮನೆಯಲ್ಲಿ ಊಟ ಮಾಡಿದ ಹಾಗೆ ನಟಿಸಿ ಅನ್ನವನ್ನು ಪಾತ್ರೆಗೆ ವಾಪಸು ಹಾಕಿದ್ದನ್ನು ನೋಡಿದಾಗ, ಹೋಗಿ ಎದುರು ಕೂತು, ಗದರಿಸಿ ತಿನ್ನಿಸಿದ್ದೂ ನಾನೇ. ತಿನ್ನುತ್ತಾ ಅವಳು ಹೇಳಿದಳು: "ಏನೇ ಆದ್ರೂ ನಾನು ಸಾಕ್ತೀನಿ ಕಣೇ. ನನ್ನ ಕಣ್ಣಿರೋ ತನಕ ನಾನೇ ನೋಡ್ಕೋತೀನಿ." ಆ ಮಾತಿಗೆ ನನಗೆ ಇನ್ನಷ್ಟು ಹೆದರಿಕೆಯಾಯಿತು. ಅವಳ ಕಣ್ಣು ಮುಚ್ಚಿದ ಮೇಲೆ? ನನ್ನದು ಮುಚ್ಚಿದ ಮೇಲೆ?

ಮೊನ್ನೆ ದೊಡ್ಡ ಸ್ಕ್ಯಾನು ಆಯಿತು. ಕೋಣೆ ಕತ್ತಲೆ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು. ಡಾಕ್ಟರಮ್ಮ ಪರದೆಯನ್ನು ನೋಡುತ್ತಿದ್ದರು, ನಾನು ಅವರ ಹುಬ್ಬನ್ನು ನೋಡುತ್ತಿದ್ದೆ. ಹುಬ್ಬು ಸ್ವಲ್ಪ ಗಂಟಿಕ್ಕಿದರೂ ಪಕ್ಕದಲ್ಲಿ ನಿಂತಿದ್ದ ನಿನ್ನ ಅಪ್ಪನ ಬೆರಳು ಹಿಸುಕುತ್ತಿದ್ದೆ. "ಹೃದಯದಲ್ಲಿ ನಾಲ್ಕು ಕೋಣೆನೂ ಕಾಣ್ತಿದೆ" ಎಂದರು. ನಿನ್ನ ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ತಲೆಯಲ್ಲೂ ಕಂಡಷ್ಟು ಮಟ್ಟಿಗೆ ತೊಂದರೆ ಇಲ್ಲ ಎಂದರು. ಬೆರಳು, ಬೆನ್ನುಮೂಳೆ ಸರಿ. ಆಮೇಲೆ ಒಂದೇ ಕಡೆ ತುಂಬ ಹೊತ್ತು ನಿಂತರು. ಒತ್ತಿದರು, ನನ್ನನ್ನು ಮಗ್ಗುಲಾಗಲು ಹೇಳಿದರು, ಮತ್ತೆ ಒತ್ತಿದರು. "ಒಂದು ಕಿವಿ ಸಣ್ಣದಾಗಿದೆ. ಸರಿಯಾಗಿ ಮೂಡಿಲ್ಲ. ಇನ್ನೊಂದು ಕಡೆ ಮಗು ಒರಗಿಕೊಂಡಿದೆ, ಕಾಣ್ತಿಲ್ಲ." ಕಿವಿಯ ಒಳಗಿನದನ್ನು, ಅಂದರೆ ಕೇಳಿಸುತ್ತದೆಯೋ ಇಲ್ಲವೋ ಎಂಬುದನ್ನು, ಯಾವ ಸ್ಕ್ಯಾನೂ ಹೇಳುವುದಿಲ್ಲವಂತೆ. ಹುಟ್ಟಿದ ಮೇಲೆ ಪರೀಕ್ಷೆ ಮಾಡಬೇಕು. ಬುದ್ಧಿಯ ವಿಷಯ ತಿಳಿಯುವುದು ಇನ್ನೂ ತಡವಾಗಿ. "ಮನೆಗೆ ಹೋಗಿ ಯೋಚನೆ ಮಾಡಿ. ಮುಂದುವರಿಸಿದ್ರೂ ನಾನು ಜೊತೆಗಿರ್ತೀನಿ, ಬೇಡ ಅಂದ್ರೂ ಜೊತೆಗಿರ್ತೀನಿ. ತುಂಬಾ ತಡ ಮಾಡಬೇಡಿ" ಎಂದರು.

ಯೋಚನೆ ಎಂಬುದನ್ನು ಹೇಗೆ ಮಾಡುತ್ತಾರೋ ನನಗೆ ಗೊತ್ತಾಗಲಿಲ್ಲ. ಮೆಷಿನ್ನು ತುಳಿದೆ. ಶಾಲೆಯ ಅಂಗಿಗಳ ರಾಶಿ ಇತ್ತು, ಒಂದಾದ ಮೇಲೆ ಒಂದು ಹೊಲಿದೆ. ಒಂದು ಅಂಗಿಗೆ ಎರಡೂ ತೋಳು ಒಂದೇ ಕಡೆಯದ್ದನ್ನೇ ಜೋಡಿಸಿಬಿಟ್ಟಿದ್ದೆ. ಬಿಚ್ಚುತ್ತಾ ಕೂತಾಗ ಅಕ್ಕ ಪಕ್ಕದಲ್ಲಿ ಬಂದು ಕೂತು, ತನ್ನ ಬಿರುಕು ಬಿಟ್ಟ ಬೆರಳಿನಲ್ಲಿ ದಾರ ಕೀಳಲು ನೆರವಾದಳು. ಅವಳು ಕ್ಯಾಪ್ಸೂಲ್ ಬಿಟ್ಟಿದ್ದಾಳೆ. ಬಿಡಬೇಡಿ ಎಂದು ಡಾಕ್ಟರು ಹೇಳಿದರೂ ಬಿಟ್ಟಿದ್ದಾಳೆ. ಈ ಮನೆಯೊಳಗೆ ಅದು ಬರಕೂಡದು ಎನ್ನುತ್ತಾಳೆ. ಅದು ಸರಿಯಲ್ಲ ಎಂದು ಅವಳಿಗೆ ಹೇಳಬೇಕು; ಔಷಧಿ ಅವಳ ಮೈಗೆ ಒಳ್ಳೆಯದನ್ನೇ ಮಾಡುತ್ತಿತ್ತು. ಹೇಳಲು ಇನ್ನೂ ಬಾಯಿ ಬಂದಿಲ್ಲ.

ನಾಳೆ ನಾನು ಹೋಗಿ, ಮುಂದುವರಿಸುತ್ತೇವೆ ಎಂದು ಹೇಳುತ್ತೇನೆ. ನನ್ನನ್ನು ಧೈರ್ಯವಂತೆ ಎಂದುಕೊಳ್ಳಬೇಡ. ಬೇರೆ ತಾಯಿ ಬೇರೆಯದೇ ಹೇಳಿದ್ದರೆ ಅವಳನ್ನು ನಾನು ಒಂದು ಮಾತೂ ಅನ್ನುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಕೂಡ ನನ್ನ ಮನಸ್ಸು ಆ ಕಡೆಗೆ ಹೋಗಿ ಬಂತು. ನೀನು ದೊಡ್ಡವನಾದಾಗ ಅಥವಾ ದೊಡ್ಡವಳಾದಾಗ ಇದನ್ನು ಓದಿ ನೊಂದುಕೊಳ್ಳಬಹುದು, ಆದರೂ ಮುಚ್ಚಿಡಲಾರೆ. ನಿನ್ನ ಅಪ್ಪ ಊಟಕ್ಕೆ ಬಂದಾಗ ಹೇಳಿದೆ. ಅವನು ತಟ್ಟೆಯ ಮುಂದೆ ಕೂತು, ಊಟ ಮುಟ್ಟದೆ, "ನಂಗೂ ಅದೇ ಇತ್ತು ಮನಸ್ಸಲ್ಲಿ. ನಿನ್ನ ಮೇಲೆ ಹೇರಬಾರದು ಅಂತ ಬಾಯಿ ಬಿಡಲಿಲ್ಲ" ಎಂದ. ಕೋಪ ಬರಬೇಕಿತ್ತು, ಬರಲಿಲ್ಲ.

ಬಸುರಿಯರು ಹೊಟ್ಟೆಯ ಜೊತೆ ಮಾತಾಡುತ್ತಾರೆ. ಅಕ್ಕ ಅವಳ ಎರಡೂ ಮಕ್ಕಳ ಜೊತೆ ತಿಂಗಳುಗಟ್ಟಲೆ ಹರಟಿದ್ದಳು. "ಮಗು ಜೊತೆ ಮಾತಾಡಿ, ಒಳ್ಳೇದು" ಎಂದು ಮೊದಲ ಸಲ ಹೋದಾಗ ಡಾಕ್ಟರಮ್ಮನೂ ಹೇಳಿದ್ದರು. ಮೊನ್ನೆ ಆ ಕತ್ತಲೆ ಕೋಣೆಯಿಂದ ಬಂದ ಮೇಲೆ ನಿನ್ನೊಡನೆ ನಾನು ಒಂದು ಮಾತೂ ಆಡಿಲ್ಲ. ಹಲವು ಸಲ ಬಾಯಿ ತೆರೆದೆ. ನಾನು ಕರೆದು, ನನ್ನ ದನಿ ನಿನ್ನನ್ನು ಮುಟ್ಟದೇ ಹೋದರೆ ಎಂಬ ಭಯಕ್ಕೆ ಮತ್ತೆ ಮುಚ್ಚಿದೆ. ಅದಕ್ಕೇ ಬರೆಯಲು ಕೂತೆ. ಕಿವಿ ಕೇಳಿಸಿದರೆ ಇದನ್ನು ನಿನ್ನ ಮುಂದೆ ಗಟ್ಟಿಯಾಗಿ ಓದುತ್ತೇನೆ. ಕೇಳಿಸದಿದ್ದರೆ ನಿನಗೆ ಅಕ್ಷರ ಕಲಿಸಿ ಎದುರಿಗೆ ಇಡುತ್ತೇನೆ, ನೀನೇ ಓದಿಕೋ. ಎರಡೂ ಆಗದೇ ಹೋದರೆ, ಇದನ್ನು ಚಿಕ್ಕದಾಗಿ ಮಡಿಸಿ ನಿನ್ನ ಅಂಗಿಯ ಅಸ್ತರಿನೊಳಗೆ ಇಟ್ಟು ಹೊಲಿದುಬಿಡುತ್ತೇನೆ. ಮೈಗೆ ತಾಗಿಕೊಂಡಿರಲಿ.

ನಿನ್ನ ಚರ್ಮ ಒರಟಿರಲಿ, ನಯವಿರಲಿ, ಅದಕ್ಕೆ ತಾಗುವ ಕೈಗಳೆಲ್ಲ ಮೆತ್ತಗಿರಲಿ. ಹೆದರಿಕೊಂಡೇ ನಿನ್ನ ದಾರಿ ಕಾಯುತ್ತಿದ್ದೇನೆ, ಬಾ.

ನಿನ್ನ ಅಮ್ಮ